ಬಾವು ಇಳಿಸಿದ ಕೈ ನನ್ನದು

ನಿನ್ನ ಅವ್ವನ ಕಾಲು ಹೋದದ್ದು ಬೆಲ್ಲ ತಿಂದು ಅಲ್ಲ, ಸುಶೀಲಾ — ನಾನು ಕೊಟ್ಟ ಗುಳಿಗೆಯಿಂದ. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಕೊನೆ. ನಿಪ್ಪಾಣಿಯ ಆ ದವಾಖಾನೆಗೆ ಡಾಕ್ಟರು ವಾರಕ್ಕೆರಡೇ ದಿನ ಬರುತ್ತಿದ್ದರು. ಉಳಿದ ದಿನ ಕಂಪೌಂಡರನಾದ ನನ್ನದೇ ದರ್ಬಾರು. ಬೀಡಿ ಕಟ್ಟುವ ಹೆಂಗಸರು ದಿನವಿಡೀ ಕಾಲು ಮಡಚಿ ಕೂತು, ಪಾದ ಬಾತರೆ ನನ್ನ ಹತ್ತಿರ ಬರುವರು. ದಮ್ಮಿನವರಿಗೆಂದು ಇಟ್ಟಿದ್ದ ಸ್ಟಿರಾಯ್ಡ್ ಗುಳಿಗೆ ಕೊಡುತ್ತಿದ್ದೆ. ಎರಡೇ ದಿನಕ್ಕೆ ಬಾವು ಮಾಯ. ನನ್ನ ಕೈಗುಣವನ್ನು ಓಣಿಯೆಲ್ಲ ಹೊಗಳುತ್ತಿತ್ತು, ನಾನೂ ಉಬ್ಬಿಹೋಗಿದ್ದೆ.

ನಿನ್ನ ಅವ್ವ ಅಕ್ಕಾತಾಯಿಗೆ ಸಕ್ಕರೆ ಕಾಯಿಲೆ. ಅಂಗಾಲಿನ ಹುಣ್ಣು ಅವಳಿಗೆ ನೋಯುತ್ತಲೂ ಇರಲಿಲ್ಲ, ಆದರೆ ಸುತ್ತ ಕೆಂಪಗೆ ಬಾತಿತ್ತು. ಅದೇ ಗುಳಿಗೆ ಕೊಟ್ಟೆ. ಕೆಂಪು ಹೋಯಿತು, ಬಾವು ಹೋಯಿತು — ಹುಣ್ಣು ಮಾತ್ರ ಹಾಗೇ ಉಳಿಯಿತು. ಮೂತ್ರ ಪರೀಕ್ಷೆ ಮಾಡಿದರೆ ನಳಿಗೆಯ ನೀಲಿ ಔಷಧ ಇಟ್ಟಿಗೆ ಬಣ್ಣಕ್ಕೆ ತಿರುಗಿತು — ಸಕ್ಕರೆ ವಿಪರೀತ ಏರಿತ್ತು. ಅವಳ ಅತ್ತೆಯ ಎದುರಿಗೇ ಕೇಳಿಬಿಟ್ಟೆ:

"ಕದ್ದು ಬೆಲ್ಲ ತಿಂದೀರೇನ್ರೀ?"

"ಇಲ್ರೀ ಅಣ್ಣಾರ" ಎಂದಳು. ಅತ್ತೆ ನಂಬಿದ್ದು ನನ್ನನ್ನು.

ಕೊನೆಗೆ ಮಿರಜದ ಆಸ್ಪತ್ರೆಯಲ್ಲಿ ಅವಳ ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಜೊತೆಗೆ ಹೋಗಿದ್ದ ನನ್ನನ್ನು ಅಲ್ಲಿಯ ಡಾಕ್ಟರು ಬದಿಗೆ ಕರೆದರು. "ಗಾಯ ಮಾಯಾಕ ಮೊದಲ ಬಾವು ಬರಬೇಕು. ಸಕ್ಕರಿ ಇದ್ದವರಿಗೆ ಅದು ಅಲ್ಲೇ ನಿಂತಬಿಡ್ತೈತಿ, ಗಾಯ ಮಾಯೂದು ಮುಂದ ಹೋಗೂದಿಲ್ಲ. ಹಂಗಂತ ಸ್ಟಿರಾಯ್ಡ್ ಕೊಟ್ಟು ಒತ್ತಿದರ ಒಳಗಿನ ಕೀವು ಎಲುಬಿಗೆ ಇಳಿತೈತಿ, ಮ್ಯಾಲ ಸಕ್ಕರೀನೂ ಏರ್ತೈತಿ. ಯಾರರ ಕೊಟ್ಟಿದ್ರೇನು?"

ಇಲ್ಲ ಎಂದೆ. ಆ ಇಟ್ಟಿಗೆ ಬಣ್ಣ ಎಲ್ಲಿಂದ ಬಂತೆಂದು ಆ ಗಳಿಗೆಯಲ್ಲೇ ತಿಳಿಯಿತು — ತಿಳಿದೂ...

ಹೊರಡುವಾಗ ಅವಳು ಕೈ ಹಿಡಿದಳು. "ಅಣ್ಣಾರ, ನಾ ತಿಂದಿಲ್ಲಂತ ನೀವರ ನಮ್ಮ ಅತ್ತಿಗೆ ಹೇಳ್ರಿ."

"ಆರಾಮ ಆಗ್ತೀರಿ, ಬಿಡ್ರಿ" ಎಂದೆ. ಅಷ್ಟೇ ಎಂದೆ! ಸಾಯುವವರೆಗೂ ಅವಳು ಆ ಮನೆಯಲ್ಲಿ ಬಾಯಿ ಚಪಲದ ಹೆಂಗಸಾಗಿಯೇ ಉಳಿದಳು.

"ನೀನು ಡಾಕ್ಟರಲ್ಲವಲ್ಲ, ನಿನಗೇನು ಗೊತ್ತಿತ್ತು" ಎಂದು ನನಗೆ ಸಮಾಧಾನ ಹೇಳುವವರಿದ್ದಾರೆ. ಅವರ ಸಮಾಧಾನ ಅವರೇ ಇಟ್ಟುಕೊಳ್ಳಲಿ. ಗುಳಿಗೆ ಕೊಟ್ಟಾಗ ಗೊತ್ತಿರಲಿಲ್ಲ, ಸರಿ; ಸುಳ್ಳು ಹೇಳಿದಾಗ ಗೊತ್ತಿತ್ತು. ಇದಕ್ಕೆ ವಯಸ್ಸು, ಕಾಲ, ಹಣೆಬರಹ ಎಂಬ ಯಾವ ಮುಲಾಮೂ ಹಚ್ಚಲು ನಾನು ಬಿಡುವುದಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಮಗನಿಗೆ ನೀನು ಹೇಳುತ್ತಿದ್ದೆ — ಬಾಯಿ ಕಟ್ಟದಿದ್ದರೆ ಅಜ್ಜಿಯ ಗತಿಯೇ ನಿನಗೂ ಎಂದು. ನಾನು ಹಿಂದೆಯೇ ನಿಂತಿದ್ದೆ. ಕ್ಷಮೆ ಕೇಳುತ್ತಿಲ್ಲ, ಸುಶೀಲಾ; ಕೊಟ್ಟರೂ ತೆಗೆದುಕೊಳ್ಳಲಾರೆ. ರವಿವಾರ ನಿಮ್ಮ ಮನೆಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಅಂಗಳದಲ್ಲೇ ನಿಂತು, ನಿನ್ನ ಮಗನಿಗೆ ಕೇಳಿಸುವ ಹಾಗೆ ಹೇಳುತ್ತೇನೆ: ನಿನ್ನ ಅಜ್ಜಿ ನಿಜವನ್ನೇ ಹೇಳಿದ್ದಳು.