ಸವಣೂರಿನ ಎಲೆತೋಟದ ಮೀನುಗಳು

ಹಾನಗಲ್ಲಿನಿಂದ ಬೆಳಗಿನ ಬಸ್ಸು ಹಿಡಿದಾಗ ಸಣ್ಣಗೆ ಜಡಿಮಳೆ. ಕಂಡಕ್ಟರ್ ಹೆಂಗಸರ ಶೂನ್ಯ ಟಿಕೆಟ್ ಕೊಟ್ಟ. ಪುಕ್ಕಟೆ ಪ್ರಯಾಣದಲ್ಲಿ ಕಿಟಕಿ ಸೀಟೂ ಸಿಕ್ಕಿದ್ದಕ್ಕೆ ನನಗೆ ಹಿಗ್ಗೋ ಹಿಗ್ಗು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವ ಮುನ್ನ ಬಿಸಿ ಮಿರ್ಚಿ, ಗಿರಮಿಟ್ ತಿಂದೆ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಹೊರಟದ್ದು, ಫೋನಿನಲ್ಲಿ ನನ್ನ ಸಲಹೆ ಕೇಳಿದ್ದ ಸವಣೂರಿನ ಮೆಹಬೂಬಿಯ ಮೀನು ನೋಡಲು. ಅವಳ ಗಂಡ ಇಮಾಮಸಾಬರ ವೀಳ್ಯದೆಲೆ ತೋಟದ ಹೊಂಡದಲ್ಲಿ ಅವಳು ಸಾಕಿದ ರೋಹು ಮೀನು ಸಾಯುತ್ತಿದ್ದವು. ಬಳ್ಳಿಗೆ ಹೊಡೆಯುವ ಮೈಲುತುತ್ತದ ತಾಮ್ರ ನೀರಿಗೆ ಇಳಿದಿರಬೇಕೆಂದು ಊಹಿಸಿ, ಮೇವಿನಲ್ಲಿ ಬೆರೆಸಲು ಸಿ ಮತ್ತು ಇ ಜೀವಸತ್ವದ ಪುಡಿ ಕಳಿಸಿದ್ದೆ. ತಾಮ್ರ ಮಿತಿಮೀರಿದರೆ ಮೀನಿನ ಕಿವಿರು, ಯಕೃತ್ತು ತುಕ್ಕು ಹಿಡಿದಂತೆ ಒಳಗೇ ಹಾಳಾಗುತ್ತವೆ. ಈ ಜೀವಸತ್ವಗಳು ಅದನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಆದರೂ ಸಾವು ನಿಂತಿರಲಿಲ್ಲ.

ತೋಟದ ಬಾಯಲ್ಲೇ ಇಮಾಮಸಾಬರು ಸಿಕ್ಕರು. "ಬರ್ರಿ ಮೇಡಮ್ಮಾರ. ನೋಡೂದಿದ್ರ ಇವತ್ತ ನೋಡ್ರಿ. ಸತ್ತ ಮೀನ ಎತ್ತಿ ಎತ್ತಿ ಸಾಕಾಗೇತಿ. ನಾಳೆ ಮಣ್ಣ ತರಿಸಿ ಹೊಂಡ ಮುಚ್ಚಿಬಿಡ್ತೇನಿ."

ಮೆಹಬೂಬಿ ಒಲೆಯ ಮುಂದಿದ್ದಳು. ತೌಡು, ಶೇಂಗಾ ಹಿಂಡಿ ಕೊತಕೊತ ಕುದಿಯುತ್ತಿದ್ದವು. ನನ್ನ ಪುಡಿಯೂ ಅದರಲ್ಲೇ!

"ಇದೇನವ್ವಾ, ಕುದಸಾಕತ್ತೀ?" ಎಂದೆ.

"ಎಮ್ಮಿಗೇ ಬೇಯಿಸಿ ಇಡ್ತೇವ್ರಿ. ಇವು ಬ್ಯಾನಿ ಬಿದ್ದಾವು, ಹಸೀದು ಹ್ಯಾಂಗ ಹಾಕೂದು?"

ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಕುದಿಸಿದರೆ ಸಿ ಜೀವಸತ್ವ ಹಾಳಾಗುತ್ತದೆಂದು ಹೇಳಿದೆ. ಉಳಿದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಒಣ ಮೇವಿಗೆ ಸವರಿ ಉಂಡೆ ಕಟ್ಟಿದೆವು.

ಹೊಂಡಕ್ಕೆ ಹೋದರೆ ಇಮಾಮಸಾಬರು ದಂಡೆಯಲ್ಲೇ ಔಷಧಿ ಹೊಡೆಯುವ ಪಂಪ್ ತೊಳೆಯುತ್ತಿದ್ದರು. ಮೈಲುತುತ್ತದ ನೀಲಿ ನೀರು ಹೊಂಡಕ್ಕೆ ಹರಿಯುತ್ತಿತ್ತು.

ಮೆಹಬೂಬಿ ಕೆಂಡವಾದಳು. "ನಾ ಇಲ್ಲಿ ಔಷಧ ಹಾಕಾಕತ್ತೇನಿ, ನೀವು ವಿಷಾ ಕಲಸಾಕತ್ತೀರಿ!"

"ನೀರ ಇಲ್ಲೇ ಐತಿ, ಮತ್ತೆಲ್ಲಿ ತೊಳೀಲಿ?" ಎಂದರು ಅವರು.

ಇದು ನಿಲ್ಲದಿದ್ದರೆ ಯಾವ ಜೀವಸತ್ವವೂ ಮೀನು ಉಳಿಸಲಾರದೆಂದು ನಾನು ಖಡಕ್ಕಾಗಿ ಹೇಳಿದೆ. ಪರೀಕ್ಷೆ ಮಾಡಿಸುವತನಕ ಮೀನು ತಿನ್ನಬೇಡಿ ಎಂದೂ ಹೇಳಿದೆ.

ಅವಳು ಉಂಡೆ ಎಸೆದಳು. ಸ್ವಲ್ಪ ಹೊತ್ತಿಗೆ ಮೀನುಗಳು ಒಂದೊಂದಾಗಿ ಮೇಲೆ ಬಂದು ಬಾಯಿ ಹಾಕಿದವು. ಇಮಾಮಸಾಬರು ನೋಡುತ್ತಲೇ ನಿಂತರು. ಆಮೇಲೆ ಟ್ರ್ಯಾಕ್ಟರಿನವನಿಗೆ ಫೋನು ಹಚ್ಚಿದರು.

"ನಾಳೆ ಮಣ್ಣ ಬ್ಯಾಡಪಾ. ಸನಿಕಿ ತಗೊಂಡ ಬಾ. ಪಂಪ್ ತೊಳ್ಯಾಕ ದೂರ ಒಂದು ಗುಂಡಿ ತೋಡೂದೈತಿ."

ಸಂಜೆ ಬಸ್ಸಿಗೆ ಹೊರಟವಳು ತಿರುಗಿ ನೋಡಿದೆ. ಗಂಡ ಹೆಂಡತಿ ದಂಡೆಯ ಮೇಲೆ ನಿಂತು, ಆ ಗುಂಡಿ ಎಲ್ಲಿ ತೋಡಬೇಕೆಂದು ಜಗಳ ಆಡುತ್ತಿದ್ದರು.