ಹಾಸಿಗೆಯ ಮೇಲೆ ಹೊರಿಸಿದ ತಪ್ಪು

ಬೆಳಿಗ್ಗೆ ಒದ್ದೆಯಾಗಿದ್ದ ತಮ್ಮ ಹಾಸಿಗೆಯನ್ನು ಅಂಗಡಿಯ ಮುಂದೆ ಬಿಸಿಲಿಗೆ ಹಾಕಿದ್ದೇ ಹಾಸಿಗೆ ಹೊಲಿಯುವ ಯಜಮಾನರಿಗೆ ತಪ್ಪಾಯಿತು. ಅಂದಿನ ಮೊದಲ ಗಿರಾಕಿ ಅದನ್ನೇ ಒತ್ತಿ ನೋಡಿ, "ಇದೇ ಇರ್ಲಿ ಯಜಮಾನ್ರೇ, ಒಳ್ಳೆ ಮೆತ್ತಗಿದೆ," ಎಂದ.

"ಅಯ್ಯೋ, ಅದು ಬೇರೆಯವರದು! ಮುಟ್ಬೇಡಿ!" ಎಂದು ಕೂಗಿ ಅವರು ಅದನ್ನು ಒಳಗೆಳೆದುಕೊಂಡರು.

ಐವತ್ತೆರಡರ ವಯಸ್ಸಿನಲ್ಲಿ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡದ್ದು ಆ ತಿಂಗಳಲ್ಲಿ ಅದು ನಾಲ್ಕನೆಯ ಸಲ. ಮೂವತ್ತು ವರ್ಷ ಹಾಸಿಗೆ ಹೊಲಿದವರಿಗೆ ತಪ್ಪು ಹಾಸಿಗೆಯದೇ ಎಂಬ ನಂಬಿಕೆ. ಹತ್ತಿ ತಂಪೆಂದು ತೆಗೆದು ತೆಂಗಿನ ನಾರು ತುಂಬಿದರು. ನಾರು ಒತ್ತುತ್ತದೆಂದು ಫೋಮ್ ಹಾಕಿದರು. ಹಾಸಿಗೆ ಮೂರು ಜನ್ಮ ಎತ್ತಿತು, ಫಲ ಮಾತ್ರ ಒಂದೇ.

ಗೊರಕೆ ತಾಳಲಾರದೆ ಹೆಂಡತಿ ಎರಡು ವರ್ಷದಿಂದ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದರಿಂದ ಗುಟ್ಟಿನ ಹೊಲಿಗೆ ಬಿಚ್ಚಿರಲಿಲ್ಲ. ಆದರೆ ಮಗಳು ಹೆತ್ತು ಮೂರು ತಿಂಗಳಾಗಿತ್ತು. "ಮೊಮ್ಮಗಳನ್ನ ನೋಡೋಕೆ ನಾಲ್ಕು ದಿನ ಬಂದಿರಪ್ಪಾ," ಎಂದು ಅವಳು ಕರೆದಾಗಲೆಲ್ಲ ಇವರಿಗೆ ಕೈತುಂಬ ಕೆಲಸ. ಅಳಿಯನ ಮನೆಯ ಹಾಸಿಗೆಯನ್ನು ನೆನೆದರೇ ಭಯ, ನೆನೆಸಿಬಿಟ್ಟರೆ ಗತಿಯೇನು?

ಕೊನೆಗೆ ಒದ್ದೆ ಹಾಸಿಗೆಯನ್ನು ಮತ್ತೆ ಬಿಚ್ಚುತ್ತಿದ್ದಾಗ ಹೆಂಡತಿಯೇ ಹಿಡಿದರು. "ಇನ್ನೆಷ್ಟು ಸಲ ಅದರ ಹೊಟ್ಟೆ ಬಗೀತೀರ್ರೀ? ತೊಂದ್ರೆ ಇರೋದು ನಿಮ್ಮೊಳಗೆ. ನಡೀರಿ ಡಾಕ್ಟ್ರ ಹತ್ರ!"

ಸೋಂಕು, ಸಕ್ಕರೆ ಕಾಯಿಲೆ, ಪ್ರಾಸ್ಟೇಟ್, ನುಂಗುವ ಮಾತ್ರೆ, ಯಾವುದರಿಂದಲಾದರೂ ಹೀಗಾಗಬಹುದು ಎಂದ ಡಾಕ್ಟರಮ್ಮ ಎಲ್ಲವನ್ನೂ ನೋಡಿದರು. ಯಾವುದೂ ಅಲ್ಲ.

"ಗೊರಕೆ ಹೊಡೀತಾರಾ?"

"ಕೇಳ್ಬೇಕಾ?" ಎಂದರು ಹೆಂಡತಿ. "ಗೋಡೆ ದಾಟಿ ಬರುತ್ತೆ. ಮಧ್ಯೆ ಉಸಿರೇ ನಿಂತುಹೋಗುತ್ತೆ ಡಾಕ್ಟ್ರೇ, ಆಮೇಲೆ ಕುಕ್ಕರ್ ಥರ ಬುಸ್ಸಂತಾರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಿದ್ದೆಯಲ್ಲಿ ಉಸಿರು ಕಟ್ಟಿದಾಗ ಹೃದಯಕ್ಕೆ ಒತ್ತಡ ಬೀಳುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆಯೆಂದು ದೇಹ ಮೋಸಹೋಗಿ ಮೂತ್ರ ಹೆಚ್ಚಿಸುತ್ತದೆ ಎಂದು ವಿವರಿಸಿದರು. "ನಾಚಿಕೆ ಪಡೋದೇನಿಲ್ಲ. ನಿದ್ದೆ ಪರೀಕ್ಷೆ ಮಾಡಿಸೋಣ."

ಪರೀಕ್ಷೆಯೂ ಅದನ್ನೇ ಹೇಳಿತು. ಮೂಗು ಮುಚ್ಚುವಂತೆ ಮುಖಕ್ಕೆ ಕಟ್ಟಿಕೊಂಡು ಮಲಗುವ, ಗಾಳಿ ಊದುವ ಯಂತ್ರವೊಂದು ಮನೆಗೆ ಬಂತು. ಮೂರು ವಾರ ಹಾಸಿಗೆ ಒಣಗಿಯೇ ಇತ್ತು. ನಾಲ್ಕನೆಯ ವಾರ ಅವರು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮಗಳ ಮನೆ ತಲುಪಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡರು.

ಮಗಳ ಕಣ್ಣು ತುಂಬಿತು. "ಅಮ್ಮ ಎಲ್ಲ ಹೇಳಿದ್ಲಪ್ಪಾ. ಮೊದಲನೇ ಸಲ ಯಂತ್ರ ಹಾಕ್ಕೊಂಡು, ಒಣ ಹಾಸಿಗೆ ಮೇಲೆ ಎದ್ದೆಯಲ್ಲ, ಆಗ ನಿಂಗೆ ಏನನ್ನಿಸ್ತು?"

ಅವರು ಮೊಮ್ಮಗಳ ಕುಲಾವಿ ಸರಿಮಾಡಿದರು.

"ಮೂಗು ತುರಿಸ್ತಿತ್ತಮ್ಮ."