ಎರಡು ವಾಚು, ಅಜ್ಜಿಯ ಒಂದು ಮಾತು

ಹಳೆಯ ಡೈವಿಂಗ್ ವಾಚಿನ ಹಿಂದಿನ ಮುಚ್ಚಳ ತಿರುಗಿಸಿ ತೆಗೆದ ಕೂಡಲೇ ಒಂದು ವಾಸನೆ ಏಳುತ್ತದೆ. ನೀರು ಒಳಗೆ ಹೋಗದಂತೆ ಕೂರಿಸಿದ ರಬ್ಬರ್ ವಾಷರ್ ಅಂಟಂಟಾದ ವಾಸನೆ, ಒಣಗಿದ ಎಣ್ಣೆಯದು, ಕಟ್ಟಿಕೊಂಡು ಓಡಾಡಿದವರ ಬೆವರಿನದು. ಚಿಕ್ಕಮಗಳೂರಿನ ನನ್ನ ಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಇಂಥ ಎಷ್ಟೋ ವಾಚುಗಳನ್ನು ಬಿಚ್ಚಿದ್ದೇನೆ. ಸಮುದ್ರಕ್ಕಿಳಿಯುವವರಿಗೆಂದು ಮಾಡಿದ ಈ ಕೀ ಕೊಡುವ ವಾಚುಗಳನ್ನು ಕೂಡಿಡುವುದು, ಒರಿಜಿನಲ್ ಯಾವುದು ಡೂಪ್ಲಿಕೇಟ್ ಯಾವುದು ಎಂದು ಪತ್ತೆಮಾಡುವುದು, ತೊಳೆದು ಎಣ್ಣೆ ಹಾಕಿ ಓಡಿಸುವುದು ನನ್ನ ಹುಚ್ಚು. ನಿಮ್ಮದು ಡೂಪ್ಲಿಕೇಟ್ ಎಂದು ಮುಖಕ್ಕೆ ಹೊಡೆದಂತೆ ಹೇಳಿ ದೊಡ್ಡ ದೊಡ್ಡ ಕಾಫಿ ಪ್ಲಾಂಟರುಗಳ ಹತ್ತಿರ ಬೈಸಿಕೊಂಡವಳು ನಾನು. ಆದರೆ ಅಪ್ಪನ ವಾಚನ್ನು ಮಾತ್ರ ಬಿಚ್ಚುವ ಧೈರ್ಯ ಬಂದಿರಲಿಲ್ಲ. ಅಪ್ಪ ಹೋದಮೇಲೆ ಅದು ಮೇಜಿನ ಖಾನೆಯಲ್ಲೇ ಮಲಗಿತ್ತು. ಹೋದ ತಿಂಗಳು ದೊಡ್ಡಪ್ಪನ ಮಗ ರುದ್ರಣ್ಣ ಅದರ ಜೋಡಿ ವಾಚನ್ನು ತಂದು ನನ್ನೆದುರು ಇಟ್ಟ. "ಎರಡನ್ನೂ ಬಿಚ್ಚೇ ಮಾರಾಯ್ತಿ. ನಮ್ಮಪ್ಪಂಗೆ ಸಿಕ್ಕಿದ್ದು ಒರಿಜಿನಲ್ಲೋ ಡೂಪ್ಲಿಕೇಟೋ, ನಾನು ಸಾಯೋದ್ರೊಳಗೆ ಗೊತ್ತಾಗ್ಲಿ" ಅಂದ. ಮುಚ್ಚಳ ಸಡಿಲಾಯಿತು, ವಾಸನೆ ಬಂತು, ಜೊತೆಗೆ ಚೂರು ಕಾಳುಮೆಣಸಿನ ಘಾಟು. ಅಥವಾ ಅದು ನನ್ನ ಭ್ರಮೆಯೋ ಏನೋ, ಕಣ್ಣಂತೂ ತುಂಬಿತು.

ಮೂಡಿಗೆರೆ ಪೇಟೆಯಲ್ಲಿ ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಮೆಣಸು, ಏಲಕ್ಕಿ, ಬೆಲ್ಲದ ಗಮಲು ಹಾಸಿಗೆಯವರೆಗೂ ಬರುತ್ತಿತ್ತು. ನಾನು ಶಾಲೆಯಲ್ಲಿ ಪುಸ್ತಕ ಬಿಡಿಸಿದರೆ ಪಕ್ಕದವಳು ಸೀನುತ್ತಿದ್ದಳು. ಅಪ್ಪ, ದೊಡ್ಡಪ್ಪ ಇಬ್ಬರೂ ಅಂಗಡಿಯಲ್ಲಿ, ಅಮ್ಮ, ದೊಡ್ಡಮ್ಮ ಒಂದೇ ಒಲೆಯ ಮುಂದೆ. ಅಜ್ಜಿಗೆ ಮಾತ್ರ ಅಂಗಡಿಯಲ್ಲಿ ಕೂರಲು ಅಪ್ಪಣೆ ಇರಲಿಲ್ಲ. ಆಕೆಗೆ ಸುಳ್ಳು ಬರುತ್ತಿರಲಿಲ್ಲ, ನೋಡಿ. "ಆ ಬೆಲ್ಲ ಬೇಡ ಕಣಪ್ಪ, ಹೋದ ವರ್ಷದ್ದು, ಹುಳಿ ಬಂದಿದೆ" ಎಂದು ಗಿರಾಕಿಗೇ ಹೇಳಿ ಕಳಿಸುತ್ತಿದ್ದಳು. ದೊಡ್ಡಪ್ಪ ತಲೆ ತಲೆ ಚಚ್ಚಿಕೊಂಡರೆ, "ಹಣೆ ಮೇಲೆ ವಿಭೂತಿ ಇಟ್ಕೊಂಡು ಸುಳ್ಳು ಹೇಳಿದ್ರೆ ಶಿವ ಮೆಚ್ತಾನೇನೋ?" ಎಂದು ಅವರನ್ನೇ ಗದರಿಸುವಳು.

ಆ ಎರಡು ವಾಚುಗಳನ್ನು ತಂದವರು ಅಜ್ಜ. ಮೆಣಸಿನ ಲೋಡಿನ ಜೊತೆ ಮಂಗಳೂರಿಗೆ ಹೋದಾಗ ಬಂದರಿನಲ್ಲಿ ಹಡಗಿನವನೊಬ್ಬನ ಹತ್ತಿರ ಕೊಂಡಿದ್ದಂತೆ. ಕಪ್ಪು ಡಯಲ್, ದಪ್ಪ ಮುಳ್ಳು, ಗಾಜಿನ ಸುತ್ತ ಕಟಕಟ ತಿರುಗುವ ಬಳೆ. ನೀರಿಗಿಳಿದವನು ಎಷ್ಟು ನಿಮಿಷ ಕಳೆದ ಎಂದು ಗುರುತಿಟ್ಟುಕೊಳ್ಳಲು ಆ ಬಳೆ. ನಮ್ಮ ಮನೆಯಲ್ಲಿ ಅಪ್ಪ ಅದನ್ನು ತಿರುಗಿಸಿ ಕರೆಂಟು ಹೋದ ಹೊತ್ತನ್ನು ಗುರುತು ಮಾಡುತ್ತಿದ್ದರು. ಮಕ್ಕಳಿಬ್ಬರಿಗೂ ಒಂದೊಂದು ಕೊಟ್ಟು ಅಜ್ಜ ನಕ್ಕರಂತೆ: "ಇದ್ರಲ್ಲಿ ಒಂದು ಒರಿಜಿನಲ್, ಒಂದು ಡೂಪ್ಲಿಕೇಟ್ ಅಂತ ಅವ್ನೇ ಹೇಳಿದ್ದ. ಯಾವ್ದು ಅನ್ನೋದು ನಂಗೆ ಮರ್ತೇ ಹೋಯ್ತು." ಅಷ್ಟು ಹೇಳಿ ಆ ಪುಣ್ಯಾತ್ಮ ಮರುವರ್ಷ ತೀರಿಕೊಂಡರು.

ಮೊದಮೊದಲು ತಮಾಷೆಯೇ. ಹಿತ್ತಾಳೆ ಕೊಳಗದಲ್ಲಿ ನೀರು ತುಂಬಿ ಎರಡೂ ವಾಚು ಮುಳುಗಿಸಿ ಮನೆಮಂದಿಯೆಲ್ಲ ಸುತ್ತ ಕೂತು ನೋಡಿದೆವು. ದೊಡ್ಡಪ್ಪನ ವಾಚಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಅಪ್ಪ ಕುಣಿದಾಡಿದರು. ಮುಂದಿನ ವಾರ ಅಪ್ಪನದಕ್ಕೂ ಕಟ್ಟಿತು, ಆಗ ಕುಣಿಯುವ ಸರದಿ ದೊಡ್ಡಪ್ಪನದು. ವಾಷರ್ ಹಳತಾದರೆ ಒರಿಜಿನಲ್ಲೂ ನೀರು ಕುಡಿಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು! ಬರಬರುತ್ತ ನಗು ಹೋಯಿತು. "ಹಿರಿಮಗ ನಾನು. ಅಪ್ಪ ನಂಗೆ ಡೂಪ್ಲಿಕೇಟ್ ಕೊಡ್ತಿದ್ರಾ?" ಎಂದು ದೊಡ್ಡಪ್ಪ. "ಹಾಗಾದ್ರೆ ನಾನು ಯಾರ ಮಗ?" ಎಂದು ಅಪ್ಪ. ವಾಚು ನೆಪ ಅಷ್ಟೇ, ಸತ್ತ ತಂದೆಗೆ ತಾನೇ ಹೆಚ್ಚೆಂದು ಇಬ್ಬರಿಗೂ ಅನ್ನಿಸಬೇಕಿತ್ತು. ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ನಿಂತಿತು. ಅಮ್ಮ, ದೊಡ್ಡಮ್ಮ ಒಬ್ಬರ ಮುಖ ಒಬ್ಬರು ನೋಡದೆ ರೊಟ್ಟಿ ತಟ್ಟಿದರು. ಬೇರೆಯಾಗುವ ಮಾತೂ ಬಂತು. ಕೊನೆಗೆ ಸೋಮವಾರ ಎರಡನ್ನೂ ಬಿಚ್ಚಿಸಿಯೇ ಬಿಡುವುದೆಂದು ಹಟ ಹಿಡಿದರು. ರುದ್ರಣ್ಣ, ನಾನು ನೀರಿನ ತೊಟ್ಟಿಯ ಹಿಂದೆ ಕೂತು ಅತ್ತೆವು, ಬೇರೆ ಮನೆಯಾದರೆ ಒಟ್ಟಿಗೆ ಆಡಲು ಬಿಡುವುದಿಲ್ಲವೆಂದು.

ಆ ಸೋಮವಾರಕ್ಕೆ ಎರಡು ದಿನ ಮೊದಲೇ ಅಜ್ಜಿ, "ಎಣ್ಣೆ ಹಾಕಿಸ್ಕೊಂಡು ಬರ್ತೀನಿ, ಕೊಡ್ರೋ" ಎಂದು ಎರಡೂ ವಾಚು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ನನ್ನ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ವಾಚ್ ರಿಪೇರಿ ಪರಮೇಶಣ್ಣನ ಅಂಗಡಿಗೆ ನಡೆದಳು. ನನಗೆ ಒಂದು ಬನ್ನು ಕೊಡಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಒಳಗೆ ಪರಮೇಶಣ್ಣ, "ಅಮ್ಮಾವ್ರೇ, ಬೇಡ, ಪಾಪ ಸುತ್ಕೊಳ್ಳತ್ತೆ" ಎನ್ನುತ್ತಿದ್ದುದು, ಅಜ್ಜಿ ಜಗ್ಗದೆ ಕೂತಿದ್ದುದು ಮಾತ್ರ ನೆನಪಿದೆ. ಎಣ್ಣೆ ಹಾಕಲು ಇಷ್ಟು ಹೊತ್ತೇ ಎಂದು ಬೇಜಾರಾಗಿ ನಾನು ಹೋಗಿಬರುವ ಜೀಪುಗಳನ್ನು ಎಣಿಸಿದೆ. ಮನೆಗೆ ಬಂದವಳೇ ಮಕ್ಕಳಿಬ್ಬರನ್ನೂ ಕರೆದು, ಅವರವರದನ್ನು ಅವರವರ ಕೈಗೇ ಇತ್ತಳು. "ಬಿಚ್ಚಿಸಿ ನೋಡ್ದೆ ಕಣ್ರೋ. ಎರಡೂ ಸಮ. ಒಂದು ಹೆಚ್ಚಲ್ಲ, ಒಂದು ಕಡ್ಮೆಯಲ್ಲ. ಪರಮೇಶಿ ಬಿಟ್ಟು ಬೇರೆಯವ್ರ ಕೈಗೆ ಕೊಡ್ಬೇಡಿ. ಇನ್ನು ಈ ಮಾತು ಎತ್ತಿದ್ರೆ ನನ್ನಾಣೆ."

ಜಗಳ ಅಲ್ಲಿಗೇ ನಿಂತಿತು. ಮರುದಿನ ಅಣ್ಣತಮ್ಮ ಒಂದೇ ಸಾಲಿನಲ್ಲಿ ಕೂತು ಉಂಡರು, ಕಡೆಯವರೆಗೂ ಒಂದೇ ಅಂಗಡಿಯಲ್ಲಿ ಕೂತರು. ಹೇಗೆ ನಿಂತಿತು ಎಂದು ನಾನು ದೊಡ್ಡವಳಾದ ಮೇಲೆ ಅಪ್ಪನನ್ನು ಕೇಳಿದ್ದೆ. "ನಮ್ಮವ್ವ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದು. ನಂದು ಡೂಪ್ಲಿಕೇಟು ಕಣೇ, ನಾನು ನೊಂದ್ಕೋಬಾರ್ದು ಅಂತ ಹೇಳಿದ್ಳು. ಅಂಥವಳ ಬಾಯಲ್ಲಿ ಸುಳ್ಳು ಹೇಳಿಸಿದ್ನಲ್ಲ ಅಂತ ನಾಚ್ಕೆಯಾಯ್ತು" ಎಂದರು. ಈಗ ಅಜ್ಜಿ ಇಲ್ಲ, ಅವರಿಬ್ಬರೂ ಇಲ್ಲ, ಪರಮೇಶಣ್ಣನೂ ಇಲ್ಲ. ಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ಒಮ್ಮೆ ಒಳಗೆ ಹೋಗಿ ನಿಂತಿದ್ದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಎರಡೂ ವಾಚುಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿಟ್ಟೆ. ರುದ್ರಣ್ಣ ಮೇಜಿಗೆ ಬಾಗಿ ಕೂತಿದ್ದ. ಅಪ್ಪನ ವಾಚಿನ ಹೊರಗಿನ ಕವಚ, ಡಯಲ್ ಎರಡೂ ಒರಿಜಿನಲ್. ಒಳಗಿನ ಮಿಷಿನ್ ಮಾತ್ರ ಅಗ್ಗದ ನಕಲಿ. ದೊಡ್ಡಪ್ಪನದರ ಕವಚ ಕಳಪೆ, ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿತ್ತು. ಅದರ ಹೊಟ್ಟೆಯೊಳಗೆ ಅಪ್ಪಟ ಸ್ವಿಸ್ ಮಿಷಿನ್. ಬೇರೆ ಮಿಷಿನ್ನಿಗೆ ಹೊಂದಲೆಂದು ಎರಡರಲ್ಲೂ ಡಯಲಿನ ಹಿಂದಿನ ಪುಟ್ಟ ಕಾಲುಗಳನ್ನು ಕತ್ತರಿಸಿ ಅಂಟು ಹಾಕಿ ಕೂರಿಸಿದ್ದರು. ರಿಪೇರಿಯವರು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗುರುತು ಕೆರೆಯುವುದು ವಾಡಿಕೆ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಓದಿದೆ. ಎರಡರಲ್ಲೂ ಒಂದೇ ಕೈಬರಹ: "ಅಮ್ಮನವರ ಅಪ್ಪಣೆ ಮೇರೆಗೆ ಮಿಷಿನ್ ಅದಲುಬದಲು. ಪರಮೇಶಿ." ಮುಂದೆ ಬಿಚ್ಚುವವರು ತನ್ನನ್ನು ಕಳ್ಳ ಎನ್ನಬಾರದಲ್ಲ, ಅದಕ್ಕೆ.

"ಅಯ್ಯೋ ಶಿವನೇ" ಎಂದ ರುದ್ರಣ್ಣ. ತನ್ನಪ್ಪನ ವಾಚಿನ ಮುಚ್ಚಳವನ್ನು ಬೆರಳಲ್ಲಿ ಸವರುತ್ತ, "ನಮ್ಮಪ್ಪ ಸಾಯೋವಾಗ್ಲೂ ಹೇಳ್ತಿದ್ರು, ನಂದೇ ಡೂಪ್ಲಿಕೇಟ್, ಅವ್ವ ನಂಗೋಸ್ಕರ ಸುಳ್ಳು ಹೇಳಿದ್ಳು ಅಂತ" ಎಂದ. ನಮ್ಮಪ್ಪನೂ ಅದನ್ನೇ ಹೇಳುತ್ತಿದ್ದರೆಂದು ನಾನು ಹೇಳಿದೆ.

"ಒರಿಜಿನಲ್ ಕವಚಕ್ಕೆ ಒರಿಜಿನಲ್ ಮಿಷಿನ್ ವಾಪಸ್ ಕೂರಿಸ್ಬೋದಾ?" ಎಂದು ಆಮೇಲೆ ಕೇಳಿದ.

"ಒಂದು ಗಂಟೆ ಕೆಲ್ಸ. ಪೂರ್ತಿ ಒರಿಜಿನಲ್ ವಾಚು ಒಂದು ಆಗತ್ತೆ. ನೀನು ದೊಡ್ಡವ್ನು, ನೀನೇ ಇಟ್ಕೋ" ಅಂದೆ. ಮನಸ್ಸಿನಿಂದಲೇ ಅಂದೆ, ಕೈಯೂ ಚಿಮುಟದ ಕಡೆ ಹೋಗಿತ್ತು.

ಅವನು ನನ್ನ ಕೈ ಹಿಡಿದು ನಿಲ್ಲಿಸಿದ. "ಬೇಡ ಮಾರಾಯ್ತಿ. ಹಾಗೆ ಮಾಡಿದ್ರೆ ಅಜ್ಜಿ ಹೇಳಿದ್ದು ಸುಳ್ಳಾಗತ್ತೆ."

ಎರಡಕ್ಕೂ ಹೊಸ ವಾಷರ್ ಹಾಕಿ, ಎಣ್ಣೆ ಬಿಟ್ಟು, ಇದ್ದಂತೆಯೇ ಮುಚ್ಚಿದೆ. ರುದ್ರಣ್ಣ ತನ್ನದನ್ನು ಕಟ್ಟಿಕೊಂಡು ಬಸ್ಸಿಗೆ ಹೋದ. ಮಕ್ಕಳ ಮುಂದೆ ಸುಳ್ಳಾಡಬಾರದೆಂದು ಆಕೆ ಮೊದಲು ಮಾತನ್ನು ನಿಜ ಮಾಡಿಸಿ ಆಮೇಲೆ ಬಾಯಿ ಬಿಟ್ಟವಳು, ನಮ್ಮಜ್ಜಿ. ಇದನ್ನು ಅಪ್ಪನಿಗೆ ಹೇಳಬೇಕಿತ್ತು, ದೊಡ್ಡಪ್ಪನಿಗೂ ಹೇಳಬೇಕಿತ್ತು. ನಿಮ್ಮವ್ವ ನಿಮಗೆ ಸುಳ್ಳು ಹೇಳಲಿಲ್ಲ ಕಣ್ರಪ್ಪ ಎಂದು ಆ ಸಂಜೆ ಮೇಜಿನ ಮುಂದೆ ಕೂತು ಗಟ್ಟಿಯಾಗಿಯೇ ಅಂದೆ. ಕೇಳುವವರು ಯಾರೂ ಇರಲಿಲ್ಲ.